ಸ್ನಾನಕ್ಕೆ ಮೊದಲು

ಕೈ ಎತ್ತಿದರೆ ಆಯಿಗೆ ಅಪಾಯ, ಎತ್ತದಿದ್ದರೆ ಓವಿಗೆ. ಇಷ್ಟು ನೇರವಾಗಿ ಯೋಚಿಸುವುದೇ ತಪ್ಪೇನೋ ಎಂದು ಮಂದಾರನಿಗೆ ಅನ್ನಿಸಿತು. ಅಪಾಯ ತಕ್ಕಡಿಯಲ್ಲಿ ಇಟ್ಟು ತೂಗುವ ವಸ್ತುವಲ್ಲ. ಬಂದರೆ ಪೂರ್ತಿ ಬರುತ್ತದೆ, ಬರದಿದ್ದರೆ ಇಲ್ಲವೇ ಇಲ್ಲ. ಆಯಿಯ, ಅಂದರೆ ಅವನ ತಾಯಿಯ, ಎಡ ಶ್ವಾಸಕೋಶ ಅವಳ ಮದುವೆಗೆ ಮೊದಲೇ ಕ್ಷಯದಲ್ಲಿ ಹಾಳಾಗಿತ್ತು. ಊರೆಲ್ಲ ಹರಡಿದ್ದ ಈ ಕೊರೊನಾ ಜ್ವರ ಅವಳಿಗೆ ಬಂದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮಗಳಿಗೆ ಬಂದಿರುವುದಕ್ಕೆ ಮಾತ್ರ ಹೆಸರೇ ಇರಲಿಲ್ಲ. ಐದು ವರ್ಷದ ಓವಿ ದೀಪಾವಳಿಯ ಹೊತ್ತಿಗೆ ಮಾತು ಬಿಟ್ಟಿದ್ದಳು. ಒಂದೇ ದಿನಕ್ಕೆ ನಿಂತಿದ್ದಲ್ಲ, ನಲ್ಲಿಯ ನೀರು ಸಣ್ಣಗಾಗುವ ಹಾಗೆ. ಮೊದಲು ಪ್ರಶ್ನೆಗಳು ಹೋದವು, ಆಮೇಲೆ ಹಟ, ಕೊನೆಗೆ ಹಾಂ, ಹೂಂ ಕೂಡ. ಈಗ ಬೇಕಾದುದನ್ನು ಬೆರಳಲ್ಲಿ ತೋರಿಸುತ್ತಿದ್ದಳು. ಉಳಿದ ಹೊತ್ತು ಕಿಟಕಿಯ ಸರಳಿಗೆ ಹಣೆ ಒತ್ತಿ ಕೆಳಗಿನ ಆಟದ ಅಂಗಳ ನೋಡುತ್ತ ನಿಲ್ಲುತ್ತಿದ್ದಳು. ಅಲ್ಲಿ ಜೋಕಾಲಿಗಳನ್ನು ಮೇಲಿನ ಕಂಬಕ್ಕೆ ಸುತ್ತಿ ನೈಲಾನ್ ಹಗ್ಗದಿಂದ ಬಿಗಿದಿದ್ದರು.

"ಘಾಣೇಕರ್, ನಿಮ್ಮದೇನು?" ಸೊಸೈಟಿಯ ಸೆಕ್ರೆಟರಿ ಕಾನಿಟಕರ್ ಕಾಕಾ ಅವನನ್ನು ಕೇಳಿದರು.

ಮುಂಬೈ ಹತ್ತಿರದ ಡೊಂಬಿವಲಿಯ ಆ ವಸತಿ ಸೊಸೈಟಿಯ ಸಭೆ ಅಂದು ಪಾರ್ಕಿಂಗ್ ಜಾಗದಲ್ಲಿ ಸೇರಿತ್ತು. ಕುರ್ಚಿಗಳನ್ನು ದೂರ ದೂರ ಹಾಕಿದ್ದರಿಂದ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಫೆಬ್ರವರಿಯ ಭಾನುವಾರ. ಅಂಗಳ ತೆರೆಯಬೇಕೇ ಬೇಡವೇ ಎಂಬ ಮಾತು ಒಂದು ಗಂಟೆಯಿಂದ ನಡೆದಿತ್ತು.

"ಹೊರಗಡೆ ಗಾಳಿ ಇರುತ್ತೆ, ಏನೂ ಆಗಲ್ಲ. ಲಿಫ್ಟಲ್ಲಿ ಐದೈದು ಜನ ತುಂಬ್ಕೊಂಡು ಹೋಗ್ತೀರಲ್ಲ, ಆಗೆಲ್ಲಿ ಹೋಗಿತ್ತು ಈ ಭಯ?" ಎಂದ ದಿಘೆ. "ಬೋಂಬಿಲ್ ಮೀನು ಬಂತು ಅಂದ್ರೆ ಮಾರ್ಕೆಟಲ್ಲಿ ಒಬ್ರ ಮೇಲೊಬ್ರು ಬೀಳ್ತೀರಿ. ವೈರಸ್ಸೇನು ನಮ್ಮ ಜಾರುಬಂಡೆ ಮೇಲೇ ಕೂತು ಟಿಕೆಟ್ ಹರೀತಿದ್ಯಾ?"

"ನಿನ್ನ ಮಗ ಕಾಲೇಜಿಗೆ ಹೋಗ್ತಾನಲ್ಲೋ ದಿಘೆ. ಜಾರುಬಂಡೆ ಯಾರಿಗೆ, ನಿಂಗಾ?" ಎಂದು ಯಾರೋ ಕೂಗಿದರು.

ಎಲ್ಲರೂ ನಕ್ಕರು. ಮಾಸ್ಕಿನ ಹಿಂದಿನ ನಗು ಕೆಮ್ಮಿನಂತೆ ಕೇಳಿಸಿತು. ಮೂರನೇ ಮಹಡಿಯ ಅವಳಿ ಮಕ್ಕಳ ತಾಯಿ ಮಾತ್ರ ನಗಲಿಲ್ಲ. "ನಮ್ಮನೇಲಿ ಅತ್ತೆ ಮಾವ ಇಬ್ರೂ ಇದಾರೆ. ಮಕ್ಕಳು ಆಡದೇ ಇದ್ರೆ ಸಾಯಲ್ಲ. ನಾನು ಬೇಡ ಅಂತೀನಿ," ಎಂದಳು.

ತೆರೆಯಲಿ ಎಂದು ಎತ್ತಿದ ಕೈಗಳೂ ಎತ್ತದ ಕೈಗಳೂ ಸಮನಾಗಿದ್ದವು. ಉಳಿದವನು ಮಂದಾರ ಒಬ್ಬನೇ. ಹೊರಡುವಾಗ ಹೆಂಡತಿ ಗೌತಮಿ ಬಾಗಿಲ ತನಕ ಬಂದು ಹೇಳಿದ್ದಳು: "ಡಾಕ್ಟರು ಏನಂದ್ರು ನೆನಪಿದೆಯಲ್ಲ? ಔಷಧಿ ಇಲ್ಲ, ಬೇರೆ ಮಕ್ಕಳ ಜೊತೆ ಬಿಡಿ ಅಂದ್ರು. ಆಯೀನ ನಾನು ನೋಡ್ಕೋತೀನಿ. ನೀನು ಕೈ ಎತ್ತು, ಅಷ್ಟು ಸಾಕು." ಒಳಕೋಣೆಯಿಂದ ಆಯಿ ಏನಾದರೂ ಹೇಳಲಿ ಎಂದು ಅವನು ಚಪ್ಪಲಿ ಮೆಟ್ಟುವುದನ್ನು ಸ್ವಲ್ಪ ತಡಮಾಡಿದ್ದ.

ಮಂದಾರ ಕೈ ಎತ್ತಿದ.

ಮರುದಿನವೇ ಹಗ್ಗ ಬಿಚ್ಚಿದರು. ಕಾನಿಟಕರ್ ಕಾಕಾ ನಿಯಮಗಳನ್ನು ಮಾಡಿದರು: ಒಮ್ಮೆಗೆ ನಾಲ್ಕು ಮಕ್ಕಳು, ಮಾಸ್ಕ್ ಕಡ್ಡಾಯ, ಗೇಟಿನಲ್ಲೇ ಕೈಗೆ ಸ್ಯಾನಿಟೈಸರ್. ಗೌತಮಿ ಮನೆಯ ನಿಯಮಗಳನ್ನು ಮಾಡಿದಳು. ಓವಿ ಮೇಲೆ ಬಂದವಳೇ ನೇರ ಬಚ್ಚಲಿಗೆ ಹೋಗಬೇಕು, ಬಟ್ಟೆ ಸೋಪಿನ ಬಕೆಟ್ಟಿಗೆ ಬೀಳಬೇಕು. ತಲೆಗೆ ಸ್ನಾನವಾದ ಮೇಲೆ ಒಳಕೋಣೆಯ ಹೊಸ್ತಿಲಾಚೆ ನಿಂತು ಆಜಿಗೆ ಕೈ ಬೀಸಬಹುದು, ಒಳಗೆ ಹೋಗುವಂತಿಲ್ಲ.

"ಮೈಲಿಗೆಯವಳ ಥರ ಕೂರಿಸಿದ್ದೀರಿ ನನ್ನ," ಎಂದಳು ಆಯಿ.

"ಆಯಿ, ನಿಮ್ಮ ಒಳ್ಳೇದಕ್ಕೇ ಅಲ್ವಾ?"

"ನಂದು ಇರ್ಲಿ. ಇಷ್ಟು ಜನರ ಕಣ್ಣು ಬಿದ್ದ ಮಗೂಗೆ ದೃಷ್ಟಿ ತೆಗೀದೇ ನೀರು ಹುಯ್ದರೆ, ಅದು ಮೈಯಲ್ಲೇ ಉಳಿಯುತ್ತೆ. ಮೊದಲೇ ಮೂಕ ಆಗಿದೆ ಕೂಸು."

"ಈಗ ಓಡಾಡ್ತಿರೋದು ಬೇರೆ ದೃಷ್ಟಿ ಆಯಿ. ಅದಕ್ಕೆ ಸೋಪೇ ಸರಿ," ಎಂದು ಗೌತಮಿ ನಕ್ಕಳು. ಆಯಿ ಗೋಡೆಯ ಕಡೆ ತಿರುಗಿಕೊಂಡಳು. ಮಾತು ಅಲ್ಲಿಗೆ ಮುಗಿಯಿತೆಂದು ಎಲ್ಲರೂ ತಿಳಿದರು.

ಸಂಜೆ ಆಟ ಮುಗಿದ ಮೇಲೆ ಗೌತಮಿ ಗೇಟಿನ ಹತ್ತಿರ ತರಕಾರಿ ಗಾಡಿಯವನಿಗಾಗಿ ನಿಲ್ಲುತ್ತಿದ್ದಳು. ಓವಿ ಒಬ್ಬಳೇ ಎರಡನೇ ಮಹಡಿಗೆ ಹತ್ತಿ ಬರುತ್ತಿದ್ದಳು. ಬಚ್ಚಲಿನ ದಾರಿ ಅವಳಿಗೆ ರೂಢಿಯಾಗಿತ್ತು, ಅಮ್ಮ ಬಂದು ಸ್ನಾನ ಮಾಡಿಸುವ ತನಕ ಅಲ್ಲೇ ನಿಲ್ಲಬೇಕೆಂಬುದೂ. ಆ ಹೊತ್ತಿನಲ್ಲಿ ಮಂದಾರ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು ಆಫೀಸಿನ ದಿನದ ವರದಿ ಒಪ್ಪಿಸುತ್ತಿರುತ್ತಿದ್ದ. ವಿಮಾ ಕಂಪನಿಯಲ್ಲಿ ಕೆಲಸ. ಆ ವರ್ಷ ವರದಿಗಳಿಗೆ ಬರವಿರಲಿಲ್ಲ.

ಒಂದು ಸಂಜೆ ನೆಟ್‌ವರ್ಕ್ ಹೋಯಿತು. ಹೆಡ್‌ಫೋನ್ ತೆಗೆದಾಗ ಯಾರೋ ಮಾತಾಡುವುದು ಕೇಳಿಸಿತು. ಪಕ್ಕದ ಮನೆಯ ಟಿವಿ ಇರಬೇಕೆಂದುಕೊಂಡ. ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ.

ಹಾಲಿನ ನಡುವೆ ಓವಿ ನಿಂತಿದ್ದಳು. ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಮಾಸ್ಕು ಗದ್ದಕ್ಕೆ ಜಾರಿತ್ತು. ಎದುರಿಗೆ ಆಯಿ ಮಂಡಿಯೂರಿ ಕೂತು, ಮುಷ್ಟಿಯಲ್ಲಿ ಉಪ್ಪು ಸಾಸಿವೆ ಹಿಡಿದು, ತಲೆಯಿಂದ ಪಾದದವರೆಗೆ ನಿವಾಳಿಸುತ್ತಿದ್ದಳು.

"ಬಂದೋರ ಕಣ್ಣು, ಹೋದೋರ ಕಣ್ಣು, ಮಹಡಿ ಮೇಲಿಂದ ಇಣುಕೋರ ಕಣ್ಣು..."

"ಆಜಿ, ಆ ಉದ್ದ ಜಡೆ ಹುಡುಗಿ ಇದಾಳಲ್ಲ, ಅವಳು ನನ್ನ ಜೋಕಾಲಿ ತಳ್ಳಿದ್ಲು," ಎನ್ನುತ್ತಿದ್ದಳು ಓವಿ. "ಜೋರಾಗಿ ತಳ್ಳಿದ್ಲು. ನಂಗೆ ನಮ್ಮ ಕಿಟಕಿ ಕಾಣಿಸ್ತು. ಕಿಟಕೀಲಿ ನಾನಿರ್ಲಿಲ್ಲ."

"ಹೇಗಿರ್ತೀಯೇ ಗುಬ್ಬಿ, ನೀನು ಜೋಕಾಲಿ ಮೇಲಿದ್ಯಲ್ಲ."

"ಹೂಂ! ಮತ್ತೆ ಅವಳು ಕೇಳಿದ್ಲು, ನಿಂಗೆ ಮಾತು ಬರಲ್ವಾ ಅಂತ. ನಾನು ಹೇಳ್ದೆ, ಬರುತ್ತೆ, ಮನೇಲಿ ಆಡ್ತೀನಿ ಅಂತ."

ಮಂದಾರ ಬಾಗಿಲ ಚೌಕಟ್ಟು ಹಿಡಿದುಕೊಂಡ. ನಾಲ್ಕು ತಿಂಗಳಿಂದ ಕೇಳದಿದ್ದ ದನಿ. ಸ್ವಲ್ಪ ಒರಟಾಗಿತ್ತು. ಆಯಿ ಎರಡೂ ಅಂಗೈಯಲ್ಲಿ ಮಗುವಿನ ಮುಖ ಸವರಿದಳು. ಆಮೇಲೆ ಅದೇ ಕೈಗಳನ್ನು ತನ್ನ ಕೆನ್ನೆಯ ಮೇಲಿಂದ ಎಳೆದು ಹಣೆಯ ಎರಡೂ ಪಕ್ಕಕ್ಕೆ ಒತ್ತಿ ನೆಟಿಗೆ ಮುರಿದಳು. ಚಟಚಟನೆ ಎಲ್ಲ ಬೆರಳೂ ಸದ್ದು ಮಾಡಿದವು. ಓವಿ ಗಟ್ಟಿಯಾಗಿ ನಕ್ಕು, ಅಜ್ಜಿಯ ಕೊರಳಿಗೆ ಜೋತುಬಿದ್ದು, ಮತ್ತೇನನ್ನೋ ಹೇಳತೊಡಗಿದಳು.

ಆಯಿ ತಲೆ ಎತ್ತಿದಾಗ ಮಗ ಕಾಣಿಸಿದ. ಅವಳು ಗಾಬರಿಯಾಗಲಿಲ್ಲ. ಮಗುವಿನ ಭುಜದ ಮೇಲಿಂದ ಅವನನ್ನು ನೋಡಿ ನಿಧಾನವಾಗಿ ತಲೆ ಅಲ್ಲಾಡಿಸಿದಳು, ಬೇಡ ಎಂಬಂತೆ. ಮಂದಾರ ಹಿಂದಕ್ಕೆ ಸರಿದು ಮತ್ತೆ ಹೆಡ್‌ಫೋನ್ ಹಾಕಿಕೊಂಡ. ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಮರುದಿನ ಸಂಜೆ ನೆಟ್‌ವರ್ಕ್ ಚೆನ್ನಾಗಿತ್ತು. ಅವನು ಎದ್ದು ಬಾಗಿಲಿಗೆ ಹೋಗಲಿಲ್ಲ.

ಆ ವಾರದಲ್ಲೇ ಓವಿ ಅಮ್ಮನ ಹತ್ತಿರವೂ ಮಾತಾಡಿದಳು. ಬಾಳೆಹಣ್ಣಿಗೆ ಕಪ್ಪು ಚುಕ್ಕೆ ಇದೆ, ತಿನ್ನೋದಿಲ್ಲ ಅಂದಳು. ಗೌತಮಿ ಆ ಬಾಳೆಹಣ್ಣು ಹಿಡಿದುಕೊಂಡು ಅಡುಗೆಮನೆಗೆ ಬಂದು ಗಂಡನ ಬೆನ್ನಿಗೆ ಮುಖ ಒತ್ತಿ ಅತ್ತಳು. "ನೋಡಿದ್ಯಾ? ನಾನು ಹೇಳ್ಲಿಲ್ವಾ?" ಎಂದಳು. ಬಾಲ್ಕನಿಯ ಮೂಲೆಯ ಕುಂಡದಲ್ಲಿ ನಿತ್ಯಪುಷ್ಪದ ಎಲೆ ಹಳದಿಯಾಗುತ್ತಿರುವುದೊಂದೇ ಅವಳಿಗೆ ಆಗ ಇದ್ದ ಚಿಂತೆ. ದಿನಾ ನೀರು ಹಾಕಿದರೂ ಅದು ಬುಡದಿಂದ ಒಣಗುತ್ತಿತ್ತು.

ಮಾರ್ಚ್ ನಡುವಿನಲ್ಲಿ ಉದ್ದ ಜಡೆಯ ಹುಡುಗಿಯ ಮನೆಯವರಿಗೆಲ್ಲ ಜ್ವರ ಎಂದು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಅಂಗಳಕ್ಕೆ ಮತ್ತೆ ಹಗ್ಗ ಬಿತ್ತು. ಓವಿಗೆ ಒಂದು ರಾತ್ರಿ ಮೈ ಬೆಚ್ಚಗಾಗಿ ಬೆಳಿಗ್ಗೆಗೆ ಇಳಿಯಿತು. ಆಯಿಗೆ ಲಸಿಕೆ ಹಾಕಿಸಲು ಎರಡು ಸಲ ಹೋಗಿ, ಸಾಲು ಕಂಡು ವಾಪಸು ಬಂದಿದ್ದರು. ಮೂರನೇ ಸಲ ಹೋಗಬೇಕಿದ್ದ ದಿನ ಅವಳು ಹಾಸಿಗೆಯಿಂದ ಏಳಲಿಲ್ಲ.

ಆಂಬುಲೆನ್ಸಿನವರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಕೊನೆಯ ತಿರುವಿನಲ್ಲಿ ಅವಳು ಮಾಸ್ಕಿನೊಳಗಿಂದಲೇ ಮಗನನ್ನು ಕರೆದಳು.

"ಬಾಳಾ, ಆ ಮೂಲೆ ಕುಂಡ ಎಸೆದುಬಿಡು."

"ಈಗ ಕುಂಡದ ಮಾತು ಯಾಕೆ ಆಯಿ? ಉಸಿರು ಉಳಿಸ್ಕೋ."

"ಎಸಿ ಅಂದೆ. ಗೌತಮಿ ಕಣ್ಣಿಗೆ ಬೀಳೋದು ಬೇಡ."

ಆಸ್ಪತ್ರೆಯಲ್ಲಿ ಒಳಗೆ ಬಿಡಲಿಲ್ಲ. ಆ ಓಡಾಟದಲ್ಲಿ ಕುಂಡದ ಮಾತು ಮರೆತುಹೋಯಿತು. ಫೋನಿನಲ್ಲಿ ನರ್ಸು ಒಂದು ದಿನ ಸುಧಾರಣೆ ಎಂದಳು, ಮತ್ತೊಂದು ದಿನ ಹಾಗೇ ಇದೆ ಎಂದಳು. ಯುಗಾದಿಗೆ ಮನೆಯೆದುರು ಗುಢಿಯ ಕೋಲು ನಿಲ್ಲಿಸುವುದಕ್ಕೆ ಕೆಲವೇ ದಿನ ಇರುವಾಗ ಫೋನ್ ಆಸ್ಪತ್ರೆಯ ಕಡೆಯಿಂದಲೇ ಬಂತು. ಸ್ಮಶಾನದ ಗೇಟಿನಾಚೆ ನಿಂತು ಮಂದಾರ ನೋಡಿದ್ದು ಒಂದು ಬಿಳಿ ಚೀಲ. ಅದರೊಳಗಿದ್ದದ್ದು ಆಯಿಯೇ ಎಂದು ಅವನು ನಂಬಬೇಕಾಯಿತು.

ಗೌತಮಿ ಸದ್ದು ಮಾಡಿ ಅಳಲಿಲ್ಲ. ಊಟಕ್ಕೆ ಕೂತಾಗ, ಬಟ್ಟೆ ಮಡಚುವಾಗ, ಇದ್ದಕ್ಕಿದ್ದಂತೆ ಹೇಳುತ್ತಿದ್ದಳು: "ಕೈ ಎತ್ತು ಅಂದೋಳು ನಾನು."

"ಎತ್ತಿದ್ದು ನಾನು," ಎನ್ನುತ್ತಿದ್ದ ಅವನು.

"ಸ್ನಾನ ಮಾಡ್ಸಿದ್ದೆನಲ್ಲ. ಒಂದು ದಿನಾನೂ ತಪ್ಪಿಸಿರ್ಲಿಲ್ಲ. ಎಲ್ಲಿ ತಪ್ಪಿದೆ ನಾನು?"

ಹದಿಮೂರನೆಯ ದಿನ ಕಳೆದ ಮೇಲೆ ಅವಳು ಬಾಲ್ಕನಿ ಗುಡಿಸಲು ಹೋದಳು. ಒಣಗಿದ ಗಿಡವನ್ನು ಕೀಳಲು ಕುಂಡವನ್ನು ಬೆಳಕಿಗೆ ಎಳೆದಳು. ತಂದೆ ಮಗಳು ಹಾಲಿನಲ್ಲಿ ಕೂತಿದ್ದರು. ಜೋಕಾಲಿಯನ್ನು ಮತ್ತೆ ಕಂಬಕ್ಕೆ ಕಟ್ಟಿದ್ದಾರೆ, ಅದಕ್ಕೆ ಕುತ್ತಿಗೆ ನೋಯುತ್ತಿರಬಹುದು ಎಂದು ಓವಿ ಅವನಿಗೆ ಹೇಳುತ್ತಿದ್ದಳು. ಈಗ ಅವಳು ಎಲ್ಲರ ಹತ್ತಿರವೂ ಮಾತಾಡುತ್ತಿದ್ದಳು.

"ಮಂದಾರ," ಎಂದಳು ಗೌತಮಿ. "ಇಲ್ಲಿ ಬಾ."

ಕುಂಡದ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದರ ತುಂಬ ಸಾಸಿವೆ ಕಾಳುಗಳು, ಪದರ ಪದರವಾಗಿ. ಗೌತಮಿ ಬೆರಳಿನಿಂದ ಕೆದಕಿದಳು. ಕೆಳಗೆ ಇನ್ನೂ ಇತ್ತು.

"ದೃಷ್ಟಿ ತೆಗೀತಿದ್ರು," ಎಂದಳು. "ದಿನಾ ತೆಗೀತಿದ್ರು. ನಾನು ಮೇಲೆ ಬರೋಷ್ಟರಲ್ಲಿ." ಅವಳು ಉಪ್ಪು ಮೆತ್ತಿದ ಬೆರಳನ್ನೇ ನೋಡುತ್ತಿದ್ದಳು. "ನೀನು ಮನೇಲೇ ಇರ್ತಿದ್ಯಲ್ಲ. ನಿಂಗೆ ಗೊತ್ತಾಗ್ಲಿಲ್ವಾ?"

"ಹೆಡ್‌ಫೋನ್ ಇರ್ತಿತ್ತು," ಎಂದ ಮಂದಾರ.

ಗೌತಮಿ ತಲೆಯಾಡಿಸಿದಳು. "ಹಾಗಾದ್ರೆ ನಂದೇ ತಪ್ಪು. ತರಕಾರಿಗೆ ಅಂತ ಕೆಳಗೆ ನಿಲ್ಬಾರ್ದಿತ್ತು," ಎಂದು ಕುಂಡ ಎತ್ತಿಕೊಂಡು ಹೋದಳು. ಓವಿ ಅಮ್ಮನ ಹಿಂದೆಯೇ ಓಡಿದಳು, ಏನೋ ಕೇಳುತ್ತ, ಉತ್ತರಕ್ಕೂ ಕಾಯದೆ ಮತ್ತೊಂದು ಕೇಳುತ್ತ.

ತಾನು ಅದನ್ನು ಕಣ್ಣಾರೆ ನೋಡಿ ಸುಮ್ಮನಿದ್ದೆ ಎಂದು ಅವನು ಅವಳಿಗೆ ಹೇಳಲಿಲ್ಲ. ಮತ್ತೊಮ್ಮೆ ಆ ಬಾಗಿಲಲ್ಲಿ ನಿಂತರೂ ಸುಮ್ಮನೆಯೇ ಇರುತ್ತಿದ್ದೆ ಎಂಬುದನ್ನು ಯಾರಿಗೂ, ಎಂದೂ ಹೇಳಲಿಲ್ಲ.