ಎದುರುಬದುರು ಹಕ್ಕಿಗಳು

ಅಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ ಕೂತಿದ್ದಳು. ಅವಳ ಕೈಗಳಿಗೆ ನೀಲಿ ಉಣ್ಣೆ ದಾರದ ಲಡಿ ಹಾಕಿ, ತುದಿ ಹಿಡಿದು ನಾನು ಉಂಡೆ ಸುತ್ತುತ್ತಿದ್ದೆ. ದಾರ ಸಲೀಸಾಗಿ ಬಿಡಲೆಂದು ಅವಳು ಒಮ್ಮೆ ಎಡಗೈ, ಒಮ್ಮೆ ಬಲಗೈ ಓರೆ ಮಾಡುತ್ತಿದ್ದಳು. ಬೇರೆ ದಿನಗಳಲ್ಲಿ ಈ ಹೊತ್ತಿಗೆ ಅವಳ ಬಾಯಿಗೆ ಬಿಡುವಿರುವುದಿಲ್ಲ. ಕೆಳಗಿನ ಮನೆಯವರ ಜಗಳ, ತೊಟ್ಟಿಕ್ಕುವ ನಲ್ಲಿ, ಅಣ್ಣನ ಸವೆದ ಕಾಲರ್ ಎಲ್ಲವೂ ಬರುತ್ತವೆ. ಅಂದು ಸಂಜೆ ಒಂದು ಮಾತೂ ಇಲ್ಲ. ಅಂಗಡಿಬೀದಿಗೆ ಹೋಗಿ ಬಂದಾಗಿನಿಂದ ಹಾಗೇ ಇದ್ದಳು.

ನಾನು ಏನಾಯಿತೆಂದು ಕೇಳಲಿಲ್ಲ. ಅವಳ ಬಲಗೈ ಹೆಬ್ಬೆರಳನ್ನೇ ನೋಡುತ್ತಿದ್ದೆ. ಚಳಿಗಾಲದಿಂದೀಚೆಗೆ ಅದು ಪೂರ್ತಿ ಮಡಚುವುದಿಲ್ಲ.

ನಾನು ಕೆಲಸಕ್ಕಿರುವುದು ಸ್ವೆಟರ್ ಕಾರ್ಖಾನೆಯಲ್ಲಿ, ಹೊರಗೆ ಇಣುಕುವ ದಾರದ ತುದಿಗಳನ್ನು ಕತ್ತರಿಸುವ ಮೇಜಿನ ಮುಂದೆ. ಯಂತ್ರದವರು ಬಣ್ಣ ಬದಲಾಯಿಸಿದಾಗ ಉಳಿಯುವ ದಾರವನ್ನು ವಾರದ ಕೊನೆಗೆ ನಾವು ಮನೆಗೆ ಒಯ್ಯಬಹುದು. ಯಾವ ಬಣ್ಣ ಸಿಗುತ್ತದೆ, ಎಷ್ಟು ಸಿಗುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಆ ದಾರದಲ್ಲಿ ಒಬ್ಬಳೇ ಒಂದು ಜೊತೆ ಕಾಲುಚೀಲ ಹೆಣೆಯಲು ಹೊರಟರೆ, ಎರಡನೆಯದರ ಹಿಮ್ಮಡಿಗೆ ಬರುವಷ್ಟರಲ್ಲಿ ಕೆಂಪು ಮುಗಿದಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ಬಣ್ಣವನ್ನೂ ಮೊದಲೇ ಎರಡು ಸಮ ಉಂಡೆ ಮಾಡಿಕೊಳ್ಳುತ್ತೇವೆ. ಒಂದು ಕಾಲಿನದು ಅಮ್ಮನಿಗೆ, ಇನ್ನೊಂದು ಕಾಲಿನದು ನನಗೆ. ಒಟ್ಟಿಗೇ ಶುರು, ಒಟ್ಟಿಗೇ ಮುಗಿತಾಯ. "ಕೆಂಪು ಸಾಕು, ಹಳದಿ ತಗೋ" ಎಂದು ಅಮ್ಮ ಹೇಳಿದರೆ ಇಬ್ಬರೂ ಹಳದಿಗೆ ಬರುತ್ತೇವೆ.

ನಾನು ಎಡಚಿ. ಶಾಲೆ ಬಿಟ್ಟ ವರ್ಷ ಅಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೆಣಿಗೆ ಕಡ್ಡಿ ಹಿಡಿಯುವುದನ್ನು ಕಲಿಸಿದಳು. ಕನ್ನಡಿಯಲ್ಲಿ ನೋಡಿದ ಹಾಗೆ ಕಲಿತೆ. ಅವಳು ಬಲದಿಂದ ಎಡಕ್ಕೆ ಹೋದರೆ ನಾನು ಎಡದಿಂದ ಬಲಕ್ಕೆ. ಕಾಲುಚೀಲದ ಸುತ್ತ ಅವಳು ಮೂಡಿಸುವ ಪುಟ್ಟ ಹಕ್ಕಿಗಳ ಕೊಕ್ಕು ಒಂದು ಕಡೆಗಿದ್ದರೆ, ಅದೇ ಲೆಕ್ಕ ಹಿಡಿದು ಹೆಣೆದ ನನ್ನ ಹಕ್ಕಿಗಳದು ಇನ್ನೊಂದು ಕಡೆಗೆ. ಮೊದಲ ಸಲ ತಪ್ಪಾಯಿತೆಂದು ಅಳು ಬಂದಿತ್ತು. ಅಮ್ಮ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಪಾಪ, ಮಾತಾಡಿಕೊಂಡಿರಲಿ ಬಿಡು ಎಂದಿದ್ದಳು. ಆಮೇಲೆ ಅದೇ ನಮ್ಮ ಗುರುತಾಯಿತು. ಬಸ್ಸು ಓಡಿಸುವ ಅಣ್ಣ, ನಮ್ಮನೆಯಲ್ಲಿ ಎಡಗಾಲಿಗೆ ಎಡಚಿ, ಬಲಗಾಲಿಗೆ ಅಮ್ಮ, ನಡುವೆ ಸಿಕ್ಕಿಕೊಂಡವನು ನಾನು ಎಂದು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದ.

ಚಳಿ ಶುರುವಾದಾಗ ಅಮ್ಮನ ಬೆರಳು ಬಿಗಿದುಕೊಂಡವು. ಎಲ್ಲಿ ಜಾರಿಬಿಡುತ್ತದೋ ಎಂದು ದಾರವನ್ನು ಎಳೆದೆಳೆದು ಹಿಡಿಯತೊಡಗಿದಳು. ಎರಡು ಬಣ್ಣದ ಹೆಣಿಗೆಯಲ್ಲಿ ಒಂದು ದಾರ ಮುಂದೆ ಕೆಲಸ ಮಾಡುವಾಗ ಇನ್ನೊಂದು ಒಳಗಡೆಯಿಂದ ಹಾದುಹೋಗುತ್ತದೆ. ಆ ಒಳಗಿನ ದಾರ ಬಿಗಿಯಾದರೆ, ಇಸ್ತ್ರಿ ಮಾಡಿ ಮಡಚಿಟ್ಟಾಗ ಏನೂ ಗೊತ್ತಾಗುವುದಿಲ್ಲ. ಹಾಕಿಕೊಳ್ಳಲು ಹೋದರೆ ಮಾತ್ರ ಹಿಮ್ಮಡಿ ಒಳಗೆ ಹೋಗುವುದಿಲ್ಲ.

ಮುಗಿದ ಜೊತೆಗಳನ್ನು ಮಾರಲು ಅಂಗಡಿಬೀದಿಯ ಒಂದು ಅಂಗಡಿಗೆ ಕೊಂಡೊಯ್ಯುವವಳು ನಾನು. ಒಂದು ದಿನ ಅಂಗಡಿಯಾಕೆ ವಾಪಸು ಬಂದದ್ದನ್ನು ಮೇಜಿನ ಮೇಲಿಟ್ಟಳು. ತೆಗೆದುಕೊಂಡವರು ಒಂದನ್ನು ಕಾಲಿಗೆ ಹಾಕಿಕೊಂಡು, ಇನ್ನೊಂದನ್ನು ಗೋಡೆಗೆ ನೇತುಹಾಕಬೇಕೇ ಎಂದು ಕೇಳಿದರಂತೆ. ಆಕೆ ಕೆಟ್ಟವಳಲ್ಲ, ದನಿ ತಗ್ಗಿಸಿಯೇ ಹೇಳಿದಳು.

"ನಿಮ್ಮಮ್ಮನ ಕೈ ಹೋಗಿದೆ ಕಣಮ್ಮ. ಇನ್ನೊಂದು ಜೊತೆ ಹೀಗೆ ವಾಪಸ್ ಬಂದ್ರೆ ನಾನು ತಗೊಳ್ಳೋಕಾಗಲ್ಲ."

ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದೆ. ಮನೆಗೆ ಬಂದರೆ ಅಮ್ಮ ಕಿಟಕಿಯ ಬೆಳಕಿನಲ್ಲಿ ಹೊಸದೊಂದು ಶುರು ಮಾಡಿ ನನಗಾಗಿ ಕಾಯುತ್ತಿದ್ದಳು. ಹೇಳಲಾಗಲಿಲ್ಲ.

ಅಲ್ಲಿಂದಾಚೆಗೆ ಪ್ರತಿ ಜೊತೆಯಲ್ಲೂ ಅಮ್ಮನದನ್ನು ಕಾರ್ಖಾನೆಗೆ ಒಯ್ದು, ಊಟದ ಬಿಡುವಿನಲ್ಲಿ ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂತು ಬಿಚ್ಚುತ್ತಿದ್ದೆ. ಬಿಚ್ಚಿದ ದಾರ ಸುಕ್ಕುಸುಕ್ಕಾಗಿರುತ್ತದೆ. ಇಸ್ತ್ರಿ ಮೇಜಿನ ಹಬೆಗೆ ಹಿಡಿದು ನೆಟ್ಟಗೆ ಮಾಡಿಕೊಂಡು, ಅದೇ ದಾರದಲ್ಲಿ ಮತ್ತೆ ಹೆಣೆಯುತ್ತಿದ್ದೆ. ಬಿಡುವು ಮುಗಿದರೆ ಮತ್ತೆ ಕತ್ತರಿ. ಸಂಜೆ ಅಮ್ಮನ ಎದುರು ನನ್ನ ಪಾಲಿನದು. ಕಡ್ಡಿ ಒತ್ತಿ ಒತ್ತಿ ತೋರುಬೆರಳಲ್ಲಿ ಗುಳಿ ಬಿತ್ತು. ಬಸ್ಸಿನಲ್ಲಿ ನಿಂತೇ ತೂಕಡಿಸುತ್ತಿದ್ದೆ. ಅಂಗಡಿಯಾಕೆ ಪ್ರತಿಯೊಂದರ ಒಳಗೂ ಕೈ ತೂರಿಸಿ ಹಿಗ್ಗಿಸಿ ನೋಡಿ, ಸರಿಯಾಯಿತಲ್ಲ ಎಂದು ತೆಗೆದುಕೊಂಡಳು. ಹಕ್ಕಿಗಳ ಕೊಕ್ಕಿನ ದಿಕ್ಕು ಅವಳಿಗೂ ಕಾಣಲಿಲ್ಲ, ನನಗೂ ನೆನಪಾಗಲಿಲ್ಲ. ಅಷ್ಟು ದಣಿದ ಕೈಗೆ ತನ್ನದೊಂದು ದಾರಿ ಬಿಟ್ಟು ಬೇರೆ ಗೊತ್ತಿರಲಿಲ್ಲ.

ನೀಲಿ ಲಡಿ ಅರ್ಧ ಮುಗಿದಿತ್ತು. ಕೆಲಸದಿಂದ ಬಂದ ಅಣ್ಣ ಕೈ ತೊಳೆದು ತಟ್ಟೆ ಎಳೆದುಕೊಂಡ. ಇದೇನು, ಕರೆಂಟ್ ಇದೆ, ಮಾತೇ ಹೋಗಿದೆಯಲ್ಲ ಎಂದ. ಆಗ ಅಮ್ಮ ಬಾಯಿ ಬಿಟ್ಟಳು.

"ಅಂಗಡಿ ಕಿಟಕೀಲಿ ನಮ್ಮ ಸಾಕ್ಸ್ ನೇತುಹಾಕಿದ್ದಾಳೆ. ಹಕ್ಕಿಗಳೆಲ್ಲ ಒಂದೇ ಕಡೆ ನೋಡ್ತಿವೆ."

ನನ್ನ ಕೈ ನಿಂತಿತು. ಅಮ್ಮ ನನ್ನ ಮುಖ ನೋಡಲಿಲ್ಲ, ದಾರವನ್ನು ನೋಡುತ್ತಿದ್ದಳು. ಯಾವಾಗ ಹೆಣೆಯುತ್ತಿದ್ದೆ ಎಂದು ಕೇಳಿದಳು. ಊಟದ ಬಿಡುವಿನಲ್ಲಿ ಎಂದೆ.

"ಮತ್ತೆ ಊಟ?"

ನಾನು ಉಂಡೆಗೆ ಮತ್ತೊಂದು ಸುತ್ತು ಹಾಕಿದೆ. ಅಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ, ಒಳ್ಳೆಯದೇ ಆಯಿತು, ಇನ್ನು ಎರಡನ್ನೂ ಅವಳೇ ಹೆಣೆಯಲಿ, ನೀನು ಲಡಿ ಹಿಡಿದರೆ ಸಾಕು ಎಂದು ಅಮ್ಮನಿಗೆ ಹೇಳಿದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಲಡಿ ಹಿಡಿಯೋಕೆ ಕುರ್ಚಿ ಸಾಕಲ್ಲಪ್ಪ, ನಾನ್ಯಾಕೆ ಎಂದಳು ಅಮ್ಮ.

ಉಳಿದ ನೀಲಿಯನ್ನು ಸುತ್ತಿ ಮುಗಿಸಿದೆ. ಎರಡು ಉಂಡೆ, ಅದಕ್ಕಿಂತ ಒಂದು ಮೊಳವೂ ಹೆಚ್ಚಿಲ್ಲ. ಒಂದು ಉಂಡೆ ಅಮ್ಮನ ಕೈಗೆ ಹೋದರೆ ಯಾವ ಕಾಲೂ ಹೋಗದ ಕಾಲುಚೀಲವಾಗುತ್ತದೆ. ಅದನ್ನು ಬಿಚ್ಚದಿದ್ದರೆ ನನ್ನದಕ್ಕೆ ಜೊತೆಯಿಲ್ಲ, ಒಂಟಿ ಕಾಲಿನದನ್ನು ಅಂಗಡಿಯಾಕೆ ತೆಗೆದುಕೊಳ್ಳುವುದಿಲ್ಲ. ಇದು ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು.

ಅವಳು ಬರಿಗೈಗಳನ್ನು ಮಡಿಲಿಗೆ ಇಳಿಸಿ ಹೆಬ್ಬೆರಳನ್ನು ತಿಕ್ಕಿಕೊಂಡಳು. ಆಮೇಲೆ ಒಂದು ಉಂಡೆ ಎತ್ತಿಕೊಂಡು, ತುದಿ ಹುಡುಕಿ, ಕಡ್ಡಿಗೆ ಮೊದಲ ಕುಣಿಕೆ ಹಾಕಿದಳು. ಹಾಕಿ, ಬಿಗಿಯಾಗಿ ಎಳೆದಳು.

"ಈ ಸಲ ನಂದು ಬಿಚ್ಚಬೇಡ ಕಣೇ" ಎಂದಳು.

ಅಣ್ಣ ತಟ್ಟೆ ನೋಡುತ್ತಿದ್ದ. ನಾನು ನನ್ನ ಉಂಡೆಯ ತುದಿ ಹುಡುಕುತ್ತಿದ್ದೆ.