ನಳದ ಸುದ್ದಿ ಹೇಳುತ್ತಿದ್ದ ಡಬ್ಬಿ

ನಾನು ಒಂದು ಮೋಡೆಮ್. ಈ ಹೆಸರು ಕೇಳಿ ಯಾರೂ ಎದ್ದು ಜಾಗ ಬಿಟ್ಟುಕೊಟ್ಟಿದ್ದಿಲ್ಲ. ಊಟದ ಡಬ್ಬಿಯ ಮುಚ್ಚಳದಷ್ಟು ಅಗಲ, ಕಪ್ಪು ಮೈ, ಬೆನ್ನಿಗೊಂದು ಗಿಡ್ಡ ಆಂಟೆನಾ, ಹೊಟ್ಟೆಯಲ್ಲಿ ಒಂದು ಸಿಮ್ ಕಾರ್ಡಿಗೆ ಜಾಗ. ನನ್ನನ್ನು ಕಂಪ್ಯೂಟರಿಗೆ ಸಿಕ್ಕಿಸಿ ಒಂದು ಮಾತು ಟೈಪ್ ಮಾಡಿದರೆ, ಅದನ್ನು ಊರ ತುಂಬ ಇರುವ ಮೊಬೈಲುಗಳಿಗೆ ಒಂದೊಂದಾಗಿ ತಲುಪಿಸುವುದು ನನ್ನ ಕೆಲಸ. ಹೇಳಿದ ಮಾತು ನನ್ನದಲ್ಲ, ಕೇಳಿದವರು ನನ್ನವರಲ್ಲ, ನಡುವಿನ ದುಡಿಮೆ ಮಾತ್ರ ನನ್ನದು. ದುಡಿದು ದುಡಿದು ಸಾಕಾಗಿದೆ. ಈಗ ಒಂದು ಗುಜರಿ ಅಂಗಡಿಯಲ್ಲಿ, ರೆಕ್ಕೆಯಿಲ್ಲದ ಫ್ಯಾನು ಮತ್ತು ಹಳೆಯ ಮಿಕ್ಸರಿನ ನಡುವೆ ಬಿದ್ದಿದ್ದೇನೆ. ಕೇಳುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೂ ಅಡ್ಡಿಯಿಲ್ಲ.

ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಬೆರಳುಗಳು ನನ್ನ ಚಿಪ್ಪು ಮುಚ್ಚಿದ್ದಷ್ಟೇ ನೆನಪು, ಮುಖ ನೋಡಿದ ನೆನಪಿಲ್ಲ. ಹಡಗು, ಗೋದಾಮು, ಲಾರಿ ದಾಟಿ ಕಣ್ಣು ಬಿಟ್ಟದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ. ಅಲ್ಲಿಂದ ನನ್ನನ್ನು ಕೊಂಡವನು ಸೈಟು ಮಾರುವವನು. 'ವಿಮಾನ ನಿಲ್ದಾಣದ ಪಕ್ಕದಲ್ಲೇ ನಿಮ್ಮ ಕನಸಿನ ನಿವೇಶನ' ಎಂಬ ಒಂದೇ ಮಾತನ್ನು ಎಷ್ಟು ಜನರಿಗೆ ಹೇಳಿದೆನೋ ಲೆಕ್ಕವಿಲ್ಲ. ಓದಿದವರಿಗಿಂತ ಅಳಿಸಿದವರೇ ಹೆಚ್ಚು. ಕೆಲವರು ತಿರುಗಿ ಬೈದು ಕಳಿಸುತ್ತಿದ್ದರು. ಆ ಬೈಗುಳ ಬಂದು ಬೀಳುತ್ತಿದ್ದದ್ದು ನನ್ನ ಹೊಟ್ಟೆಗೆ, ಅವನ ಕಣ್ಣಿಗಲ್ಲ. ಒಂದು ಬೆಳಗ್ಗೆ ಅವನ ಕಚೇರಿಯ ಶಟರು ಏಳಲೇ ಇಲ್ಲ. ಕಟ್ಟಡದ ಮಾಲೀಕ ಕುರ್ಚಿ ಮೇಜುಗಳ ಜೊತೆ ನನ್ನನ್ನೂ ಹೊರಗೆ ಹಾಕಿ ಬಂದವರಿಗೆ ಮಾರಿದ.

ಆಗ ನನ್ನನ್ನು ಎತ್ತಿಕೊಂಡವನು ಚನ್ನವೀರ. ಗದಗದ ಕಡೆಯ ಒಂದು ತಾಲೂಕು ಊರಿನವನು, ಹತ್ತಿ ಮಿಲ್ಲುಗಳ ಊರು ಅದು. ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ ಗುರುತಿಲ್ಲದ ಮುದುಕರಿಗೆ ದಾರಿಯುದ್ದಕ್ಕೂ ಪಾಠ ಹೇಳಿದ.

"ನೋಡ್ರಿ ಯಜಮಾನ್ರ, ಇನ್ನ ಮುಂದ ಲಗ್ನಪತ್ರ ಹಂಚೂದು, ಆಟೋದಾಗ ಮೈಕ್ ಕಟ್ಟಿ ಒದರೂದು ಎಲ್ಲಾ ಬಂದ್. ಒಂದ ಗುಂಡಿ ಒತ್ತಿದ್ರ ಊರ ಮಂದಿಗೆಲ್ಲಾ ಸುದ್ದಿ. ಸಂಘದವ್ರಿಗೆ ಸಭೆ, ಸಾಲಿಯವ್ರಿಗೆ ಸೂಟಿ, ಅಂಗಡಿಯವ್ರಿಗೆ ಗಿರಾಕಿ. ಇದರಾಗ ಭಾಳ ಮುಂದ ಹೋಗೂದೈತಿ."

ಮುದುಕರು "ಹೌದ್ ಹೌದ್" ಎನ್ನುತ್ತ ನಿದ್ದೆ ಹೋದರು. ಆದರೆ ಅವನು ಹೇಳಿದ್ದು ಸುಳ್ಳಲ್ಲ.

ಅವನು ನನ್ನನ್ನು ತಂದಿಳಿಸಿದ್ದು ಅಕ್ಕನ ಫೋನ್ ಬೂತಿನಲ್ಲಿ. ಅಕ್ಕನ ಹೆಸರು ಸಾವಂತ್ರೆವ್ವ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು. ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯೇ ಅವಳ ಕಾಲು. ಅಂಗವಿಕಲರಿಗೆಂದು ಸರಕಾರ ಕೊಟ್ಟ ಬೂತು ಅದು. ಹಳದಿ ಬೋರ್ಡು, ಗಾಜಿನ ಗೂಡು. ಮೊಬೈಲು ಬರುವ ಮೊದಲು ಓಣಿಯ ಹೆಂಗಸರೆಲ್ಲ ತವರಿಗೆ ಫೋನು ಮಾಡುತ್ತಿದ್ದದ್ದು ಅಲ್ಲಿಂದಲೇ. ಒಳಗೆ ನಿಂತು ಎಷ್ಟು ಜನ ಅತ್ತಿದ್ದರೋ, ಸಾವಂತ್ರೆವ್ವ ಒಬ್ಬರ ಮಾತನ್ನೂ ಹೊರಗೆ ಹಾಕಿದವಳಲ್ಲ. ಊರು ಅವಳನ್ನು ಬೂತಿನಕ್ಕ ಎಂದು ಕರೆಯುತ್ತಿತ್ತು. ನಾನು ಹೋದಾಗ ಗಾಜಿನ ಗೂಡಿನಲ್ಲಿ ಈರುಳ್ಳಿ ಚೀಲ ಇಟ್ಟಿದ್ದರು. ಫೋನು ಮಾಡಲು ಯಾರೂ ಬರುತ್ತಿರಲಿಲ್ಲ, ರೀಚಾರ್ಜಿನಿಂದ ಅಂಗಡಿ ಹೇಗೋ ಕುಂಟುತ್ತಿತ್ತು.

ಶುರುವಿಗೆ ಮದುವೆ, ಗೃಹಪ್ರವೇಶ, ಸಹಕಾರಿ ಸಂಘದ ಸಭೆ. ಆಮೇಲೆ ಸಾವಿನ ಸುದ್ದಿಯೂ ಬಂತು. ಬೆಳಗ್ಗೆ ಲಿಂಗೈಕ್ಯರಾದ ಹಿರಿಯರ ಸುದ್ದಿ ಮಧ್ಯಾಹ್ನದೊಳಗೆ ಮೂರು ತಾಲೂಕಿಗೆ ಮುಟ್ಟಿ, ಮಣ್ಣು ಮಾಡುವ ಹೊತ್ತಿಗೆ ಸರಿಯಾಗಿ ನೆಂಟರು ಬಂದಿಳಿದಾಗ ಊರಿಗೆ ನನ್ನ ಬೆಲೆ ತಿಳಿಯಿತು. ಒಮ್ಮೆ ಮಾತ್ರ ಸಾವಿನ ಸುದ್ದಿಯ ಬೆನ್ನಿಗೇ ಸೀರೆ ರಿಯಾಯಿತಿಯ ಸುದ್ದಿ ಹೋಗಿ ಚನ್ನವೀರ ಆ ಮನೆಯವರ ಬಾಯಿಗೆ ಬಿದ್ದ.

ನಿಜವಾದ ಕೆಲಸ ಸಿಕ್ಕಿದ್ದು ಕಸ್ತೂರೆವ್ವನಿಂದ. ಹತ್ತಿ ಮಿಲ್ಲಿನಲ್ಲಿ ದಿನಗೂಲಿ ಮಾಡುವ ಹೆಂಗಸು. ಒಂದು ಸಂಜೆ ರೀಚಾರ್ಜಿಗೆ ಬಂದವಳು ಕಟ್ಟೆಯ ಮೇಲೆ ಕುಸಿದು ಕೂತಳು.

"ಈ ವಾರಾನೂ ಪಗಾರ ಮುರೀತ್ರಿ ಅಕ್ಕಾರ. ನಳ ಇವತ್ತ ಬರ್ತಾವ ಅಂದ್ರು, ಕೆಲಸ ಬಿಟ್ಟ ಕುಂತೆ. ಬರಲಿಲ್ಲ. ನಿನ್ನೆ ಕೆಲಸಕ್ಕ ಹೋದೆ, ನಿನ್ನೇನ ಬಂದ ಹೋಗಿದ್ವಂತ."

ಆ ಊರಿನಲ್ಲಿ ನಳದ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ, ಕೆಲವೊಮ್ಮೆ ಅದಕ್ಕೂ ತಡ. ಯಾವ ಓಣಿಗೆ ಯಾವಾಗ ಎಂಬುದು ವಾಲ್ವು ತಿರುಗಿಸುವ ರಾಜೇಸಾಬನಿಗೆ ಮಾತ್ರ ಗೊತ್ತು, ಅದೂ ಹಿಂದಿನ ದಿನ. ಸಾವಂತ್ರೆವ್ವ ಕಸ್ತೂರೆವ್ವನ ಮುಖ ನೋಡಿದಳು, ಆಮೇಲೆ ನನ್ನತ್ತ ನೋಡಿದಳು. ಮರುದಿನ ರಾಜೇಸಾಬನನ್ನು ಕರೆಸಿ ಚಹ ಕೊಟ್ಟು ಮಾತು ಮುಗಿಸಿದಳು. ದಿನಾ ಸಂಜೆ ಅವನು ಅವಳಿಗೆ ಫೋನು ಮಾಡಿ ಹೇಳುವುದು, ಅವಳು ಆ ಓಣಿಯ ಮನೆಗಳಿಗೆ ನನ್ನಿಂದ ಹೇಳಿಸುವುದು, ಮನೆಯವರು ತಿಂಗಳಿಗಿಷ್ಟು ಚಿಲ್ಲರೆ ಕೊಡುವುದು.

ಮೊದಲ ವಾರ ಎಲ್ಲ ಎಡವಟ್ಟಾಯಿತು. ನಂಬರು ಬರೆದುಕೊಳ್ಳಲು ಹೋದ ಚನ್ನವೀರ ಮನೆ ಯಜಮಾನರ ನಂಬರನ್ನೇ ತಂದಿದ್ದ. ಗಂಡಸರು ಮೊಬೈಲನ್ನು ಅಂಗಿ ಕಿಸೆಯಲ್ಲಿಟ್ಟುಕೊಂಡು ಹೊರಗೆ ಹೋಗುವವರು. ಲಾರಿ ಓಡಿಸುವ ಒಬ್ಬನಿಗೆ ತನ್ನ ಮನೆಗೆ ನೀರು ಬರುವ ಸುದ್ದಿ ಸೊಲ್ಲಾಪುರದಲ್ಲಿ ಮುಟ್ಟಿತು, ಮನೆಯಲ್ಲಿ ಖಾಲಿ ಕೊಡ ಇಟ್ಟುಕೊಂಡ ಹೆಂಡತಿಗೆ ಮುಟ್ಟಲಿಲ್ಲ. ಹೆಂಗಸರ ಹತ್ತಿರವೂ ಸಣ್ಣ ಮೊಬೈಲುಗಳಿದ್ದವು. ಆದರೆ ತಮ್ಮ ನಂಬರನ್ನು ಯಾರಿಗೆಂದರೆ ಅವರಿಗೆ ಕೊಡುವವರಲ್ಲ.

ಆಗ ಸಾವಂತ್ರೆವ್ವ ತಾನೇ ಗಾಡಿ ತಿರುಗಿಸುತ್ತ ಹೊರಟಳು. ಬಾಗಿಲು ಬಾಗಿಲಿಗೆ ನಿಂತು ಒಂದೇ ಮಾತು ಹೇಳಿದಳು. "ನೀರಿನ ಮಾತ ಬಿಟ್ಟ ಬ್ಯಾರೆ ಮಾತ ಈ ನಂಬರಿಗೆ ಬಂದ್ರ ನನ್ನ ಬಂದ ಕೇಳ್ರೆವ್ವಾ." ಬೂತಿನಲ್ಲಿ ಅತ್ತದ್ದನ್ನು ಹೊರಗೆ ಹೇಳದವಳು ಎಂದು ಅವರಿಗೆ ಗೊತ್ತಿತ್ತು. ಓಣಿ ಓಣಿಯ ಹೆಂಗಸರು ನಂಬರು ಕೊಟ್ಟರು.

ಅಲ್ಲಿಂದ ಮುಂದಿನ ಸಂಜೆಗಳೇ ನನ್ನ ಬಾಳಿನ ಒಳ್ಳೆಯ ಸಂಜೆಗಳು. ಸುದ್ದಿ ಹೋಗುತ್ತಿದ್ದಂತೆ ತಿರುಗಿ ಒಂದೊಂದೇ ಮಿಸ್ ಕಾಲ್ ಬರುತ್ತಿತ್ತು. ಒಮ್ಮೆ ರಿಂಗು, ಕಟ್. ದುಡ್ಡು ಖರ್ಚಿಲ್ಲದೆ 'ಮುಟ್ಟಿತು ಅಕ್ಕಾ' ಎನ್ನುವ ರೀತಿ ಅದು. ಯಾರೂ ಹೇಳಿಕೊಡದೆ ಅವರೇ ಶುರು ಮಾಡಿದ್ದರು. ಪ್ರತಿ ಸಲ ನನ್ನ ಹಸಿರು ದೀಪ ಮಿಣುಕುತ್ತಿತ್ತು. ಯಾರ ಮಿಸ್ ಕಾಲ್ ಬರಲಿಲ್ಲವೋ ಅವರ ಪಕ್ಕದ ಮನೆಗೆ ಸಾವಂತ್ರೆವ್ವ ಫೋನು ಮಾಡಿ, "ಅಕಿಗೊಂದಿಷ್ಟ ಹೇಳವ್ವಾ" ಎನ್ನುತ್ತಿದ್ದಳು. ಕಸ್ತೂರೆವ್ವನ ಮಿಸ್ ಕಾಲ್ ಯಾವಾಗಲೂ ಎರಡು. ಮೊದಲನೆಯದು ಸುದ್ದಿಗೆ, ಎರಡನೆಯದು ಪ್ರೀತಿಗೆ ಎಂದು ಸಾವಂತ್ರೆವ್ವ ನಗುತ್ತಿದ್ದಳು. ಬೈಗುಳ ನುಂಗಿ ಅಭ್ಯಾಸವಾಗಿದ್ದ ನನಗೆ ಅದು ಹೊಸದು. ದಣಿವು ಮರೆತುಹೋಗುತ್ತಿತ್ತು.

ಚನ್ನವೀರನಿಗೆ ಮಾತ್ರ ಸಮಾಧಾನವಿಲ್ಲ. ಚಿಲ್ಲರೆಯಿಂದ ಎಷ್ಟು ದಿನ ಎಂಬುದು ಅವನ ಚಿಂತೆ. ಊರಿಗೆ ಹೊಸದಾಗಿ ಬಂದಿದ್ದ ಚಿನ್ನದ ಸಾಲದ ಕಂಪನಿಯವರು ಹೆಂಗಸರ ನಂಬರಿದೆ ಎಂದು ಕೇಳಿ ಅವನ ಹಿಂದೆ ಬಿದ್ದರು. ಜಾಹೀರಾತು ಕಳಿಸಿದರೆ ಸಾಕು, ವರ್ಷದ ಕರಾರು.

"ಬ್ಯಾಡ" ಎಂದಳು ಸಾವಂತ್ರೆವ್ವ.

"ಅಕ್ಕಾ, ಧಂದೆ ಅಂದ ಮ್ಯಾಲೆ ಧಂದೆ. ನಂಬರ್ ನಮ್ಮ ಅಂಗಡ್ಯಾಗ ಅದಾವ, ನಮ್ಮವ ಅಲ್ಲೇನು?"

"ಅಲ್ಲ. ಇಟ್ಟಕೊಳ್ಳಾಕ ಕೊಟ್ಟಾರ."

ಅವಳು ಚಿಗವ್ವನ ಮಗಳ ಲಗ್ನಕ್ಕೆಂದು ಬೇರೆ ಊರಿಗೆ ಹೋದಾಗ ಚನ್ನವೀರ ಕಳಿಸಿಯೇ ಬಿಟ್ಟ. ಚಿನ್ನಕ್ಕೆ ತಕ್ಷಣ ಸಾಲ, ಬೇಕಾದವರು ಮಿಸ್ ಕಾಲ್ ಕೊಡಿ ಎಂದಿತ್ತು ಆ ಸಂದೇಶ. ನನಗೆ ಬೇಡವೆನ್ನಲು ಬಾಯಿಲ್ಲ. ಸಂಜೆ ಹೊತ್ತು ಅಕ್ಕನ ನಂಬರಿನಿಂದ ಸುದ್ದಿ ಬಂದರೆ ನಾಳೆ ನೀರು ಎಂದೇ ಲೆಕ್ಕ. ಬಹಳ ಹೆಂಗಸರು ಓದು ಬಾರದವರು, ಬಂದವರೂ ಪೂರ್ತಿ ಓದಲಿಲ್ಲ. ಕೈ ರೂಢಿಯಂತೆ ಮಿಸ್ ಕಾಲ್ ಕೊಟ್ಟು ಕೊಡ ತೊಳೆದಿಟ್ಟರು. ನನ್ನ ದೀಪ ಎಂದಿನಂತೆಯೇ ಮಿಣುಕಿತು. ಕಸ್ತೂರೆವ್ವನದು ಎರಡು ಸಲ.

ಆ ನಂಬರುಗಳನ್ನೆಲ್ಲ ಹೆಸರಿನ ಸಮೇತ ಚನ್ನವೀರ ಕಂಪನಿಗೆ ಕೊಟ್ಟ. ಸಾಲ ಬೇಕೆಂದು ತಾವಾಗಿ ಕೇಳಿದವರು ಎಂದು ಅವರು ಬರೆದುಕೊಂಡರು. ಮರುದಿನ ನೀರು ಬರಲಿಲ್ಲ, ಏಜೆಂಟರ ಫೋನು ಬಂತು. ಆ ದಿನ, ಅದರ ಮರುದಿನ, ಆಮೇಲೂ. ಅಪರಿಚಿತ ಗಂಡಸರು ಹೆಸರು ಹಿಡಿದು ಕರೆದು, ಮನೆಯಲ್ಲಿ ಎಷ್ಟು ಬಂಗಾರವಿದೆ ಎಂದು ಕೇಳುತ್ತಿದ್ದರು.

ಸಾವಂತ್ರೆವ್ವ ಊರಿಗೆ ತಿರುಗಿ ಬಂದ ದಿನವೇ ಕಸ್ತೂರೆವ್ವ ಬಂದು ಅಂಗಡಿಯ ಮುಂದೆ ನಿಂತಳು. ಕಟ್ಟೆಯ ಮೇಲೆ ಕೂರಲಿಲ್ಲ.

"ನೀರಿನ ಮಾತ ಬಿಟ್ಟ ಬ್ಯಾರೆ ಮಾತ ಬಂದ್ರ ಕೇಳ್ರಿ ಅಂದಿದ್ರಿ ಅಕ್ಕಾರ. ಕೇಳಾಕ ಬಂದೇನಿ. ಯಾಂವೋ ದಿನಾ ಫೋನ್ ಮಾಡ್ತಾನ. ನಮ್ಮ ಮನಿಯವ್ರ ಎತ್ತಿದ್ರು. ನಿನ್ನ ನಂಬರ್ ಅವನ ಕಡೆ ಹೆಂಗ ಹೋತು ಅಂತ ಕೇಳಿದ್ರ ನಾ ಏನ್ ಹೇಳ್ಲಿ? ಫೋನ್ ಕಸಗೊಂಡ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕ್ಯಾರ. ಮಾತಾಡೂದ ಬಿಟ್ಟಾರ."

ಚನ್ನವೀರ ಒಳಗಿನಿಂದಲೇ ಹೇಳಿದ. "ನಾ ಏನ್ ಕಳವ ಮಾಡೇನಿ? ಮಿಸ್ ಕಾಲ್ ಅವ್ರ ಕೊಟ್ಟಾರ."

"ಅವ್ರ ಕೊಟ್ಟಿದ್ದು ನನಗ" ಎಂದಳು ಸಾವಂತ್ರೆವ್ವ.

ಅವಳು ಕಸ್ತೂರೆವ್ವನ ಮನೆಗೆ ಹೋಗಿ ಗಂಡನ ಮುಂದೆ ನಡೆದದ್ದೆಲ್ಲ ಹೇಳಿ ಕೈ ಮುಗಿದಳಂತೆ. ಅವನು ಹೆಂಡತಿಯ ಜೊತೆ ಮಾತಿಗೆ ಬಂದ, ಫೋನು ಮಾತ್ರ ಕೊಡಲಿಲ್ಲ. ಸಂಜೆ ಅಂಗಡಿಗೆ ತಿರುಗಿ ಬಂದ ಸಾವಂತ್ರೆವ್ವ ಕಂಪ್ಯೂಟರಿನಿಂದ ಒಂದೊಂದೇ ನಂಬರು ಅಳಿಸಿದಳು. ನನ್ನ ಹೊಟ್ಟೆಯಿಂದ ಸಿಮ್ ತೆಗೆದು ಕತ್ತರಿಯಿಂದ ಎರಡು ತುಂಡು ಮಾಡಿದಳು. ಕರಾರು ಹಾಳಾಯಿತೆಂದು ಚನ್ನವೀರ ಕೂಗಾಡಿ ಜಿಲ್ಲಾ ಊರಿಗೆ ಹೋದ. ಈಗ ಅಲ್ಲಿ ಇಂಟರ್ನೆಟ್ಟಿನಿಂದಲೇ ಲಕ್ಷಗಟ್ಟಲೆ ಜನರಿಗೆ ಸುದ್ದಿ ಕಳಿಸುತ್ತಾನೆ, ಎಸಿ ಕಚೇರಿಯಿದೆಯಂತೆ. ನನ್ನಂಥ ಡಬ್ಬಿ ಈಗ ಬೇಕೇ ಇಲ್ಲ. ಬಸ್ಸಿನಲ್ಲಿ ಅವನು ಹೇಳಿದಂತೆಯೇ ಧಂದೆ ಮುಂದೆ ಹೋಗಿದೆ. ನಾನು ಕಪಾಟಿನ ಮೇಲೆ ಧೂಳು ತಿಂದು, ಕೊನೆಗೆ ಈರುಳ್ಳಿ ತಕ್ಕಡಿಯ ಜೊತೆ ಗುಜರಿಗೆ ಬಂದೆ.

ಗುಜರಿ ಅಂಗಡಿ ಇರುವುದು ಕಸ್ತೂರೆವ್ವನ ಓಣಿಯಲ್ಲೇ. ಅವಳು ಮಿಲ್ಲು ಬಿಟ್ಟಿದ್ದಾಳೆ. ನೀರು ಯಾವಾಗ ಎಂದು ತಿಳಿಯದೆ ಮತ್ತೆ ಮತ್ತೆ ಪಗಾರ ಮುರಿದು, ಮೇಸ್ತ್ರಿ ಬರಬೇಡ ಅಂದ. ಈಗ ಇಲ್ಲೇ ಕೂತು ಸುತ್ತಿಗೆಯಿಂದ ಡಬ್ಬಿ ಚಪ್ಪಟೆ ಮಾಡುತ್ತಾಳೆ. ಕೂಲಿ ಅರ್ಧ. ಇಲ್ಲಿಂದ ತನ್ನ ಮನೆಯ ನಳದ ಸದ್ದು ಕೇಳುತ್ತದೆ, ಅದಕ್ಕೆ ಈ ಕೆಲಸ. ನಾನು ಅವಳ ಮಗ್ಗುಲಲ್ಲೇ ಬಿದ್ದಿದ್ದೇನೆ. ಸಂಜೆ ಸಂಜೆ ತನಗೆ ಸುದ್ದಿ ಹೇಳುತ್ತಿದ್ದದ್ದು ಈ ಡಬ್ಬಿಯೇ ಎಂದು ಅವಳಿಗೆ ಗೊತ್ತಿಲ್ಲ. ನನಗೆ ಅದು ಬೇಸರ, ಹೇಳಿಬಿಡುತ್ತೇನೆ.

ನಿನ್ನೆ ಸಂಜೆ ಓಣಿಯ ತುದಿಯಲ್ಲಿ ಗಾಲಿಯ ಕಿರಗುಟ್ಟುವ ಸದ್ದು ಕೇಳಿತು. ಸಾವಂತ್ರೆವ್ವ. ತಲೆ ನರೆತಿದೆ, ತೋಳು ಬಡವಾಗಿದೆ. ರಾಜೇಸಾಬನ ಫೋನು ಬಂದ ಕೂಡಲೇ ಓಣಿ ಓಣಿಗೆ ಸುದ್ದಿ ಹೇಳಲು ತಾನೇ ಹೊರಡುತ್ತಾಳೆ, ಈಗೀಗ ಮಿಲ್ಲಿನ ಗೇಟಿಗೂ ಹೋಗಿ ಕೆಲಸ ಬಿಟ್ಟು ಬರುವ ಹೆಂಗಸರಿಗೆ ಹೇಳುತ್ತಾಳೆ. ನಾನು ಒಂದು ಲೋಟ ಚಹ ಆರುವುದರೊಳಗೆ ಮುಗಿಸುತ್ತಿದ್ದ ಕೆಲಸಕ್ಕೆ ಅವಳಿಗೆ ಸಂಜೆ ಪೂರ್ತಿ ಬೇಕು. ಚಿಲ್ಲರೆ ತೆಗೆದುಕೊಳ್ಳುವುದಿಲ್ಲವಂತೆ. ಎಲ್ಲ ಓಣಿ ಮುಟ್ಟಲು ಆಗುವುದೂ ಇಲ್ಲ. ಕಸ್ತೂರೆವ್ವ ಮಿಲ್ಲಿನಲ್ಲಿದ್ದ ದಿನಗಳಲ್ಲಿ ಈ ಓಣಿ ಎಷ್ಟೋ ಸಲ ತಪ್ಪಿಹೋಗಿತ್ತು.

"ನಾಳೆ ಮುಂಜಾನೆ, ಒಂಬತ್ತಕ್ಕ" ಎಂದಳು ಗಾಡಿ ನಿಲ್ಲಿಸದೆ. ಆಮೇಲೆ ನನ್ನನ್ನು ನೋಡಿ ನಿಲ್ಲಿಸಿದಳು. ಬಗ್ಗಿ ಎತ್ತಿ ಧೂಳು ಊದಿದಳು. ಅವಳ ಉಸಿರು ಬೆಚ್ಚಗಿತ್ತು.

"ಬೇಕಾದ್ರ ಒಯ್ರಿ ಅಕ್ಕಾರ. ಮಾಲಕರಿಗೆ ನಾ ಹೇಳ್ತೇನಿ" ಎಂದಳು ಕಸ್ತೂರೆವ್ವ.

ನಾನು ಕಾದೆ. ತೋಳು ಸೋತಿದೆಯಲ್ಲ, ಒಯ್ಯಬಹುದು ಅನ್ನಿಸಿತು. ಸಾವಂತ್ರೆವ್ವ ನನ್ನನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಬ್ಯಾಡವ್ವಾ. ಪಾಪ, ಇದರದೇನೂ ತಪ್ಪಿಲ್ಲ. ಆದ್ರ ಯಾರ ಕೈಗೆ ಸಿಕ್ರ ಅವ್ರ ಮಾತ ಹೇಳತೈತಿ."

ಮೊದಲಿದ್ದ ಜಾಗದಲ್ಲೇ ಇಟ್ಟು ಗಾಡಿ ತಿರುಗಿಸಿದಳು. ಅವಳು ಓಣಿಯ ತಿರುವಿಗೆ ಮುಟ್ಟುವ ಹೊತ್ತಿಗೆ ಕಸ್ತೂರೆವ್ವ ಸುತ್ತಿಗೆ ಎತ್ತಿ ತಗಡಿನ ಮೇಲೆ ಬಡಿದಳು. ಒಂದು. ಸ್ವಲ್ಪ ತಡೆದು, ಇನ್ನೊಂದು. ಸಾವಂತ್ರೆವ್ವ ತಿರುಗಿ ನೋಡದೆ ಒಂದು ಕೈ ಮೇಲೆತ್ತಿದಳು. ಸಿಮ್ಮಿಲ್ಲದ ಹೊಟ್ಟೆ, ಕರೆಂಟಿಲ್ಲದ ಮೈ, ಆದರೂ ನನ್ನ ದೀಪ ಮಿಣುಕಿತೇನೋ ಎಂದು ನಾನೇ ನೋಡಿಕೊಂಡೆ. ಇಲ್ಲ, ಮಿಣುಕಿರಲಿಲ್ಲ.