ಗೋಡೆಗೆ ಬೀಗವಿಲ್ಲ

ನನ್ನ ಅಕ್ಕನಿಗೆ ಅಪ್ಪ ಇಟ್ಟ ಹೆಸರು ಸಬ್ಮಿಟ್. ತಲೆಬಾಗು ಎಂದು ಅದರ ಅರ್ಥ. ನಮ್ಮ ಕನೆಕ್ಟಿಕಟ್ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ಇಂಥ ಹೆಸರಿಡುವುದು ರೂಢಿ. ಯಾರಿಗೆ ತಲೆಬಾಗಬೇಕು ಎಂಬುದನ್ನು ಅಪ್ಪ ಬಿಡಿಸಿ ಹೇಳಲಿಲ್ಲ, ಅದೇ ಎಡವಟ್ಟಾಯಿತು ಎಂದು ಊರವರು ಆಮೇಲೆ ಆಡಿಕೊಂಡರು.

ಅಪ್ಪ ಎಲಿಫಲೆಟ್ ನಮ್ಮೂರ ಕ್ರೈಸ್ತ ಸಭೆಯ ಹಿರಿಯ. ಬಿಷಪ್ಪನ ಯಜಮಾನಿಕೆ ಬೇಡ, ಬರೆದಿಟ್ಟ ಪ್ರಾರ್ಥನೆ ಬೇಡ, ಪಾದ್ರಿಯನ್ನು ಊರ ಭಕ್ತರೇ ಕೂಡಿ ಆರಿಸಿಕೊಳ್ಳಬೇಕು ಎಂದು ನಮ್ಮ ಮುತ್ತಜ್ಜಂದಿರು ಇಂಗ್ಲೆಂಡ್ ಬಿಟ್ಟು ಹಡಗು ಹತ್ತಿದವರು. ಆ ಬಿಷಪ್ಪರ ಚರ್ಚು ನೂರು ವರ್ಷದ ಮೇಲೆ ನಮ್ಮ ಬೆನ್ನಟ್ಟಿಕೊಂಡು ಬಂದು ಹೂಸಟಾನಿಕ್ ಹೊಳೆಯ ಆಚೆ ದಡದಲ್ಲೇ ಕೂತಿತ್ತು. ಅಲ್ಲಿನ ಪಾದ್ರಿ ಗಿಬ್ಸ್ ಬಿಳಿ ನಿಲುವಂಗಿ ತೊಡುತ್ತಾನೆ, ಪುಸ್ತಕ ನೋಡಿಕೊಂಡು ಪ್ರಾರ್ಥಿಸುತ್ತಾನೆ ಎಂದು ನಮ್ಮವರು ನಗುತ್ತಿದ್ದರು.

ಅಕ್ಕನ ಗಂಡ ಜೇರೆಡ್ ಪೀಪಾಯಿ ಮಾಡುವವನು. ಮಾತು ಬಲು ಕಡಿಮೆ. ಅವರಿಗೆ ಗಂಡುಮಗು ಹುಟ್ಟಿದಾಗ ದೀಕ್ಷಾಸ್ನಾನ ಮಾಡಿಸಿ ಎಂದು ನಮ್ಮ ಪಾದ್ರಿ ಹಾಲಿಸ್ಟರ್ ಅವರನ್ನು ಕೇಳಿದರು. "ಮನೆ ಯಜಮಾನ ಮೊದಲು ಸಭೆ ಮುಂದೆ ನಿಂತು, ದೇವರು ತನ್ನ ಮನಸ್ಸನ್ನ ಹೇಗೆ ತಿರುಗಿಸಿದ ಅಂತ ಹೇಳಲಿ" ಎಂದರು ಪಾದ್ರಿ. ಜೇರೆಡ್ ಎದ್ದು ನಿಂತ. ಟೋಪಿ ಹಿಂಡಿದ. ಮಾತು ಹೊರಡಲಿಲ್ಲ. ಮುಂದಿನ ಭಾನುವಾರವೂ ಅಷ್ಟೇ. ಅಷ್ಟರಲ್ಲಿ ಮಗು ಗಂಟಲುಬೇನೆಗೆ ಸಿಕ್ಕಿ ತೀರಿಕೊಂಡಿತು, ದೀಕ್ಷೆಯಿಲ್ಲದೆ.

ಅದನ್ನು ಮಣ್ಣುಮಾಡಿದ ಮೇಲೆ ಜೇರೆಡ್ ದೋಣಿ ಹತ್ತಿ ಗಿಬ್ಸ್ ಬಳಿಗೆ ಹೋದ. "ಅಲ್ಲಿ ಏನು ಹೇಳಬೇಕೋ ಅದು ಪುಸ್ತಕದಲ್ಲೇ ಇರುತ್ತೆ. ನನ್ನಂಥೋನಿಗೂ ಬಾಯಿ ಬರುತ್ತೆ" ಎಂದ. ಅಕ್ಕ ಮಾತ್ರ ನಮ್ಮ ಜೊತೆ ಸಭಾಮಂದಿರದಲ್ಲೇ ಕೂರುತ್ತಿದ್ದಳು.

ನಾಲ್ಕು ವರ್ಷದ ನಂತರ, ಹೊಳೆಯ ಹಿಮ ಒಡೆಯುವ ಕಾಲಕ್ಕೆ, ಜೇರೆಡ್ ಎದೆನೋವಿನಿಂದ ಸತ್ತ. ತನ್ನ ಹೆಣವನ್ನು ಮಗುವಿನ ಪಕ್ಕದಲ್ಲಿಡಬೇಕು, ಗೋರಿಯ ಬಳಿ ಆ ಪುಸ್ತಕದ ಪ್ರಾರ್ಥನೆ ಓದಿಸಬೇಕು ಎಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದ. ಗಿಬ್ಸ್ ಬರುವ ಹಾಗಿರಲಿಲ್ಲ. ಹೊಳೆಯಲ್ಲಿ ಮನೆಯಷ್ಟು ದೊಡ್ಡ ಹಿಮದ ಹಲಗೆಗಳು ಒಂದನ್ನೊಂದು ಮುರಿಯುತ್ತ ಓಡುತ್ತಿದ್ದವು.

ಸಭೆಯವರಲ್ಲಿ ಹೆಣವನ್ನು ಮಾತಿಲ್ಲದೆ ಮಣ್ಣಿಗಿಡುವುದು ಪದ್ಧತಿ. ಸತ್ತವರ ಮೇಲೆ ಮಂತ್ರ ಓದುವುದು ರೋಮಿನ ಪೋಪನ ಚಾಳಿ ಎಂದು ಅಪ್ಪನ ಖಚಿತ ನಂಬಿಕೆ. ಆದರೂ ಅಳಿಯನಿಗೆ ಮಗುವಿನ ಪಕ್ಕದಲ್ಲೇ ಗುಂಡಿ ತೋಡಿಸಿದ್ದ. ಗಿಬ್ಸ್ ಬರಲಾರ, ಇನ್ನು ಓದುವವರ್ಯಾರು ಎಂಬ ಧೈರ್ಯ ಅವನಿಗೆ.

ಪೆಟ್ಟಿಗೆ ಹೊತ್ತು ನಾವು ಸ್ಮಶಾನದ ಬಾಗಿಲಿಗೆ ಬಂದೆವು. ಅಕ್ಕನ ಕಂಕುಳಲ್ಲಿ ಜೇರೆಡನ ಪುಸ್ತಕವಿತ್ತು. ಅಪ್ಪ ಅದನ್ನು ನೋಡಿದವನೇ ಬಾಗಿಲಿಗೆ ಬೀಗ ಜಡಿದು ಅಡ್ಡ ನಿಂತ.

"ಅದನ್ನ ಮನೇಲಿಟ್ಟು ಬಾ."

"ಇದು ನಂದಲ್ಲ ಅಪ್ಪ, ಅವನದು. ಅವನ ಜೊತೆ ಬಂದಿದೆ."

"ಯಾರೇ ಓದೋರು?"

"ನಾನೇ."

ಹಿಂದಿದ್ದ ಹೆಂಗಸರು ಉಸಿರೆಳೆದುಕೊಂಡರು. ಹಾಲಿಸ್ಟರ್ ಮುಂದೆ ಬಂದು ಮೆಲ್ಲಗೆ, "ಸಬ್ಮಿಟ್, ದುಃಖದಲ್ಲಿ ಬುದ್ಧಿ ಕಲಕುತ್ತೆ. ಹೆಣ್ಣು ಸಭೇಲಿ ಮೌನವಾಗಿರಲಿ ಅಂತ ದೇವರ ವಾಕ್ಯ ಇದೆಯಲ್ಲಮ್ಮ" ಎಂದರು.

"ಇದು ಸಭೆ ಅಲ್ಲ ಪಾದ್ರಿಗಳೇ, ಸ್ಮಶಾನ. ಬಾಯಿಬಾರದ ಗಂಡಸಿಗೆ ನೀವು ಮಾತಾಡು ಅಂದ್ರಿ. ಬಾಯಿರೋ ಹೆಂಗಸಿಗೆ ಸುಮ್ನಿರು ಅಂತೀರಿ. ನಿಮಗೆ ಯಾರಿಂದ ಏನು ಬೇಕು, ಒಂದ್ಸಲ ತೀರ್ಮಾನ ಮಾಡ್ಕೊಳ್ಳಿ."

ಅಪ್ಪ ಬೀಗದ ಕೈಯನ್ನು ಜೇಬಿಗಿಳಿಸಿದ. "ಈ ಬಾಗಿಲು ತೆಗೆಯಲ್ಲ."

ಅಕ್ಕ ಬಾಗಿಲನ್ನು ನೋಡಿದಳು, ಆಮೇಲೆ ಅದರ ಎರಡೂ ಬದಿಗೆ ಚಾಚಿದ ಸೊಂಟದೆತ್ತರದ ಕಲ್ಲುಗೋಡೆಯನ್ನು ನೋಡಿದಳು.

"ಬೀಗ ಬಾಗಿಲಿಗಿದೆ, ಗೋಡೆಗಿಲ್ಲ" ಎಂದು ಲಂಗ ಎತ್ತಿಕಟ್ಟಿ ಹತ್ತಿಯೇಬಿಟ್ಟಳು. ಆಚೆ ಇಳಿದು ಕೈಚಾಚಿದಳು. "ಲೇ ಹುಲ್ಡಾ, ಏನ್ ನೋಡ್ತಾ ನಿಂತಿದೀಯೇ? ತಲೆ ಕಡೆ ಹಿಡಿ!"

ನಾನು ಸಭೆಯವಳು, ಇಂದಿಗೂ ಸಭೆಯವಳೇ. ಆ ಪುಸ್ತಕದ ಮೇಲೆ ನನಗೆ ಪ್ರೀತಿಯಿರಲಿಲ್ಲ. ಆದರೆ ಅಕ್ಕ ಕರೆದಿದ್ದಳು, ಹಿಡಿದೆ. ಹೊತ್ತು ತಂದಿದ್ದ, ಜೇರೆಡ್ ಜೊತೆ ಪೀಪಾಯಿ ಮಾಡುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಪೆಟ್ಟಿಗೆಯನ್ನು ಗೋಡೆಯ ಮೇಲೆ ಜಾರಿಸಿದರು. ಅಪ್ಪ ತಡೆಯಲಿಲ್ಲ. ತನ್ನ ಬಾಗಿಲನ್ನು ಕಾಯುತ್ತ ಅಲ್ಲೇ ನಿಂತ.

ಅಕ್ಕ ಓದಿದಳು. ಗಾಳಿಗೆ ಹಾಳೆ ಮಗುಚುತ್ತಿತ್ತು. ಅಪರಿಚಿತ ಮಾತುಗಳಲ್ಲಿ ಅಲ್ಲಲ್ಲಿ ಎಡವಿದಳು, ಎಡವಿದಲ್ಲಿಂದಲೇ ಮತ್ತೆ ಹಿಡಿದು ಇನ್ನೂ ಗಟ್ಟಿಯಾಗಿ ಓದಿದಳು. ಪ್ರಾರ್ಥನೆಯಲ್ಲಿ ಮಣ್ಣು ಹಾಕುವ ಜಾಗ ಬಂದಾಗ ಹೆಪ್ಪುಗಟ್ಟಿದ ಹೆಂಟೆಯನ್ನು ಕೈಯಲ್ಲೇ ಪುಡಿ ಮಾಡಿ ಹಾಕಿದಳು. ಬೆರಳಲ್ಲಿ ರಕ್ತ ಬಂದಿತ್ತು. ಅಳಲಿಲ್ಲ.

ಮುಂದಿನ ಭಾನುವಾರ ಸಭೆ ಅವಳನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿತು. ತಪ್ಪೊಪ್ಪಿಕೋ ಎಂದರು ಹಾಲಿಸ್ಟರ್.

"ಓದಿದ್ದನ್ನ ಒಪ್ಕೋತೀನಿ. ತಪ್ಪು ಅನ್ನೋದನ್ನ ಒಪ್ಪಲ್ಲ" ಎಂದು ಅಕ್ಕ ಶಾಲು ಹೊದ್ದು ಎಲ್ಲರ ಕಣ್ಣೆದುರು ಹೊರನಡೆದಳು. ಅವಳನ್ನು ಸಭೆಯಿಂದ ತೆಗೆದರು. ತೆಗೆಯಬೇಕು ಎಂದು ಅಪ್ಪನೂ ಕೈಯೆತ್ತಿದ.

ಹೊಳೆ ಇಳಿದ ಮೇಲೆ ಗಿಬ್ಸ್ ದೋಣಿಯಲ್ಲಿ ದಾಟಿ ಬಂದ. ಚರ್ಚಿಗೊಬ್ಬ ವೀರ ವಿಧವೆ ಸಿಕ್ಕಳೆಂದು ಅವನಿಗೆ ಸಂಭ್ರಮ. ಅಕ್ಕ ಅವನಿಗೆ ಸೇಬಿನ ಸೈಡರ್ ಕೊಟ್ಟಳು. ಕುಡಿದು ಬಾಯೊರೆಸಿಕೊಂಡು, "ನೋಡಮ್ಮ, ನಿನ್ನ ನಿಷ್ಠೆ ದೊಡ್ಡದು. ಆದರೆ ಅಭಿಷೇಕವಾದ ಪಾದ್ರಿ ಓದಬೇಕಾದ್ದನ್ನ ಹೆಂಗಸು ಓದಿದರೆ ಅದು ನಡೆಯಲ್ಲ. ನಾನು ಗೋರಿ ಹತ್ರ ಹೋಗಿ ಸರಿಯಾಗಿ ಇನ್ನೊಂದ್ಸಲ ಓದ್ತೀನಿ" ಎಂದ.

ಅಕ್ಕ ಲೋಟ ತೆಗೆದಿಟ್ಟಳು.

"ಹಾಲಿಸ್ಟರ್ ಪಾದ್ರಿಗಳೂ ಇದೇ ಮಾತು ಹೇಳಿದ್ದು. ನೀವಿಬ್ಬರೂ ಎಲ್ಲದಕ್ಕೂ ಕಚ್ಚಾಡ್ತೀರಿ, ನನ್ನ ಬಾಯಿ ಮುಚ್ಚಿಸೋದರಲ್ಲಿ ಮಾತ್ರ ಒಂದೇ. ಜೇರೆಡ್ ಒಂದ್ಸಲ ಸತ್ತ, ಒಂದ್ಸಲ ಮಣ್ಣಾದ. ಎರಡನೇ ಸಲ ಯಾರೂ ಓದಬೇಕಾಗಿಲ್ಲ."

"ನಿನಗೆ ಚರ್ಚೂ ಬೇಡವಾ?"

"ನನ್ನ ಓದು ಲೆಕ್ಕಕ್ಕಿಲ್ಲದ ಚರ್ಚು ನನಗೂ ಲೆಕ್ಕಕ್ಕಿಲ್ಲ. ಹೊತ್ತಾಯ್ತು, ದೋಣಿ ಹೋಗುತ್ತೆ."

ಹೀಗೆ ಅವಳು ಎರಡು ಕಡೆಗೂ ಸಲ್ಲಲಿಲ್ಲ. ಭಾನುವಾರ ಮನೆಯಲ್ಲೇ ಕೂತು ಜೇರೆಡನ ಪುಸ್ತಕ ಓದುತ್ತಿದ್ದಳು, ಗಟ್ಟಿಯಾಗಿ, ಕಿಟಕಿ ತೆರೆದಿಟ್ಟು. ಮೊದಮೊದಲು ಜನ ಅವಳ ಬೀದಿ ಬಿಟ್ಟು ಸುತ್ತಿ ಹೋಗುತ್ತಿದ್ದರು. ಹೆರಿಗೆಯಲ್ಲಿ ಮಗು ಕಳೆದುಕೊಂಡ ಹೆಂಗಸೊಬ್ಬಳು ಒಂದು ದಿನ ಬಂದು ಹೊಸ್ತಿಲಲ್ಲಿ ಕೂತಳು. ಆಮೇಲೆ ಇನ್ನಿಬ್ಬರು ಬಂದರು. ಹಾಲಿಸ್ಟರ್ ಪ್ರಸಂಗದಲ್ಲಿ ಗುಡುಗಿದರು, ಆ ಹೆಂಗಸರು ಬರುವುದು ನಿಲ್ಲಲಿಲ್ಲ.

ಎರಡು ಚಳಿಗಾಲ ಅಪ್ಪ ಅವಳ ಮನೆಯಂಗಳಕ್ಕೆ ಸೌದೆ ಹಾಕಿ, ಮಾತಾಡದೆ ಹಿಂದಿರುಗುತ್ತಿದ್ದ. ಮೂರನೆಯ ಚಳಿಗಾಲದಲ್ಲಿ ಅಕ್ಕ ಬಾಗಿಲು ತೆರೆದು, "ಗಂಜಿ ಆರ್ತಾ ಇದೆ. ಒಳಗೆ ಬರೋದಾದ್ರೆ ಬನ್ನಿ. ಉಪದೇಶ ಮಾಡೋದಾದ್ರೆ ಅಲ್ಲೇ ನಿಂತು ಮಾಡಿ" ಎಂದಳಂತೆ.

ಅಪ್ಪ ಒಳಗೆ ಹೋದ. ಅಲ್ಲಿಯೂ ಉಪದೇಶ ಮಾಡಿದ, ಅಕ್ಕ ತಿರುಗಿಸಿ ಕೊಟ್ಟಳು. ನಾನು ಹಾಲು ಕೊಡಲು ಹೋದಾಗ ಇಬ್ಬರೂ ಮೇಜು ಗುದ್ದಿ ಗುದ್ದಿ ವಾದಿಸುತ್ತಿದ್ದರು. ಅಪ್ಪನ ಬಟ್ಟಲಿಗೆ ಅವಳು ಎರಡನೆಯ ಸಲ ಗಂಜಿ ಬಡಿಸುತ್ತಿದ್ದಳು.